ಕ್ವೇಸಾರ್ ಬೆಳಕಿನಲ್ಲಿ ಗ್ಯಾಲಕ್ಸಿಗಳ ಸುತ್ತಲಿನ ಅನಿಲ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾಲಕ್ಸಿಯ ಫೋಟೊದಲ್ಲಿ ಕಾಣುವುದು ನಕ್ಷತ್ರಗಳು ಮತ್ತು ಅವುಗಳ ನಡುವಿನ ದೂಳು, ಮೋಡ. ಅದರ ಆಚೆಗೆ ಕಪ್ಪು. ಆ ಕಪ್ಪು ಜಾಗ ಖಾಲಿ ಅಲ್ಲ ಎನ್ನುವುದು ಈಗ ಖಚಿತ. ಗ್ಯಾಲಕ್ಸಿ ಮುಂದೆ ನಕ್ಷತ್ರ ಹುಟ್ಟಿಸುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಅಲ್ಲಿರುವ ಅನಿಲದ ಮೇಲೆ ನಿಂತಿದೆ. ಹಿಂದೆ ದೂರದಲ್ಲಿರುವ ಕ್ವೇಸಾರ್ ಎಂಬ ಪ್ರಖರ ವಸ್ತುವಿನ ಬೆಳಕಿನಲ್ಲಿ ಅನಿಲ ಹೀರಿಕೊಂಡದ್ದನ್ನು ನೋಡಿ ಅದನ್ನು ಹೇಗೆ ಕಂಡುಹಿಡಿಯುತ್ತಾರೆ, ಆ ಲೆಕ್ಕವನ್ನು ಎಷ್ಟು ನಂಬಬಹುದು ಎಂದು ಓದುಗರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಗ್ಯಾಲಕ್ಸಿಯ ಸುತ್ತಲಿನ ಅನಿಲ ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ನಮ್ಮ ಕ್ಷೀರಪಥದ ನಕ್ಷತ್ರಗಳ ತಟ್ಟೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲ ಇದೆ. ಅದರ ಸುತ್ತಲಿನ ಅನಿಲ ಎಲ್ಲ ದಿಕ್ಕಿಗೂ ಹಲವು ಲಕ್ಷ ಜ್ಯೋತಿರ್ವರ್ಷ ಹರಡಿದೆ. ಖಗೋಳ ವಿಜ್ಞಾನಿಗಳು ಇದನ್ನು ಸರ್ಕಮ್‌ಗ್ಯಾಲಕ್ಟಿಕ್ ಮೀಡಿಯಂ ಎನ್ನುತ್ತಾರೆ. ಮಾತಿನಲ್ಲಿ ಸಿಜಿಎಂ. ನಾನು ಇಲ್ಲಿ ‘ಹೊರ ಅನಿಲ’ ಎಂದೇ ಬರೆಯುತ್ತೇನೆ.

ಇದಕ್ಕೆ ಗೆರೆ ಎಳೆದ ಹಾಗೆ ಅಂಚು ಇಲ್ಲ. ಒಳಗಡೆ ತಟ್ಟೆಯ ಅನಿಲದ ಜೊತೆ ಬೆರೆಯುತ್ತದೆ. ಹೊರಗಡೆ ಗ್ಯಾಲಕ್ಸಿಗಳ ನಡುವಿನ ಇನ್ನೂ ತೆಳುವಾದ ಅನಿಲದಲ್ಲಿ ಕರಗಿಹೋಗುತ್ತದೆ.

ಸುಮ್ನೆ ದೊಡ್ಡ ಟೆಲಿಸ್ಕೋಪಿನಿಂದ ಫೋಟೊ ತೆಗೆದರೆ ಆಗುವುದಿಲ್ಲವೇ?

ಬಹಳ ಕಷ್ಟ. ಹೊರ ಅನಿಲ ಎಷ್ಟು ತೆಳು ಅಂದರೆ, ಅನೇಕ ಕಡೆ ಒಂದು ಘನ ಮೀಟರ್ ಜಾಗದಲ್ಲಿ ಕೆಲವು ನೂರು ಪರಮಾಣುಗಳು ಇದ್ದರೆ ಹೆಚ್ಚು. ನಾವು ಉಸಿರಾಡುವ ಗಾಳಿಯ ಒಂದೇ ಒಂದು ಘನ ಸೆಂಟಿಮೀಟರಿನಲ್ಲಿ ಕೋಟಿ ಕೋಟಿಗಿಂತ ಎಷ್ಟೋ ಜಾಸ್ತಿ ಅಣುಗಳಿವೆ.

ಅನಿಲ ತಾನಾಗಿ ಹೊಳೆಯಬೇಕಾದರೆ ಸಾಮಾನ್ಯವಾಗಿ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬೇಕು, ಇಲ್ಲವೇ ಸೇರಬೇಕು. ಅದಕ್ಕೆ ಎರಡು ಕಣ ಬೇಕು. ಹಾಗಾಗಿ ಅನಿಲದ ಸಾಂದ್ರತೆ 10 ಪಟ್ಟು ಇಳಿದರೆ ಹೊಳಪು 100 ಪಟ್ಟು ಇಳಿಯುತ್ತದೆ. ಬೆಳಕನ್ನು ಹೀರುವುದಕ್ಕೆ ಒಂದು ಪರಮಾಣು ಸಾಕು. ಸಾಂದ್ರತೆ 10 ಪಟ್ಟು ಇಳಿದರೆ ಹೀರಿಕೆಯೂ 10 ಪಟ್ಟು ಮಾತ್ರ ಇಳಿಯುತ್ತದೆ. ಮೇಲಾಗಿ ಬೆಳಕು ಆ ಅನಿಲದೊಳಗೆ ಲಕ್ಷಾಂತರ ವರ್ಷ ಸಾಗುತ್ತದೆ. ದಾರಿ ಅಷ್ಟು ಉದ್ದ ಇರುವುದರಿಂದ ತೆಳು ಅನಿಲವೂ ತನ್ನ ಗುರುತು ಬಿಡುತ್ತದೆ. ಇಡೀ ವಿಧಾನ ನಿಂತಿರುವುದು ಈ ಎರಡು ಸಂಗತಿಗಳ ಮೇಲೆ.

ಈಚಿನ ವರ್ಷಗಳಲ್ಲಿ ಹವಾಯಿಯ ಕೆಕ್ ಮತ್ತು ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪಿನ ಹೊಸ ಉಪಕರಣಗಳು ಕೆಲವು ಗ್ಯಾಲಕ್ಸಿಗಳ ಹೊರ ಅನಿಲದ ಹೊಳಪನ್ನೂ ಹಿಡಿದಿವೆ. ಸಾಮಾನ್ಯವಾಗಿ ಅದು ಸಿಗುವುದು ಗ್ಯಾಲಕ್ಸಿಗೆ ಹತ್ತಿರದ, ದಟ್ಟವಾದ ಭಾಗದಲ್ಲಿ. ದೂರದ ತೆಳು ಅನಿಲಕ್ಕೆ ಇವತ್ತಿಗೂ ಹೀರಿಕೆಯೇ ದಾರಿ.

ಹಿಂಬದಿಯ ಬೆಳಕಿಗೆ ಕ್ವೇಸಾರೇ ಯಾಕೆ?

ಕ್ವೇಸಾರ್ ಅಂದರೆ ದೂರದ ಗ್ಯಾಲಕ್ಸಿಯ ನಡುವೆ ಕೂತ ಭಾರಿ ಕಪ್ಪುಕುಳಿಯ ಸುತ್ತ ಕಾದು ಹೊಳೆಯುವ ವಸ್ತು. 1963ರಲ್ಲಿ ಖಗೋಳ ವಿಜ್ಞಾನಿ ಮಾರ್ಟೆನ್ ಶ್ಮಿಟ್ 3ಸಿ 273 ಎಂಬ ಕ್ವೇಸಾರಿನ ರೋಹಿತವನ್ನು (ಬಣ್ಣ ಬಣ್ಣವಾಗಿ ಹರಡಿದ ಬೆಳಕಿನ ಪಟ್ಟಿ) ಬಿಡಿಸಿ, ಅದು ನಮ್ಮ ಗ್ಯಾಲಕ್ಸಿಯ ನಕ್ಷತ್ರ ಅಲ್ಲ, ತುಂಬಾ ದೂರದ ವಸ್ತು ಎಂದು ತೋರಿಸಿದರು. ಅದು ಇರುವುದು ಸುಮಾರು 240 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಆದರೂ ಸಾಧಾರಣ ಟೆಲಿಸ್ಕೋಪಿಗೆ ಸಿಗುವಷ್ಟು ಪ್ರಕಾಶ.

ಈ ಕೆಲಸಕ್ಕೆ ಬೇಕಾದ ಗುಣಗಳೆಲ್ಲ ಅದಕ್ಕಿವೆ. ದೂರ ಇರುವುದರಿಂದ ನಡುವೆ ಎಷ್ಟೋ ಗ್ಯಾಲಕ್ಸಿಗಳು ಸಿಗುತ್ತವೆ. ಆಕಾಶದಲ್ಲಿ ಚುಕ್ಕಿಯಷ್ಟೇ ಕಾಣುವುದರಿಂದ ಬೆಳಕು ಸಣ್ಣ ಎಳೆಯಾಗಿ ಬರುತ್ತದೆ. ನೇರಳಾತೀತದಲ್ಲಿ ಪ್ರಖರವಾಗಿದೆ. ಅದರ ಸ್ವಂತ ರೋಹಿತ ಬಹುತೇಕ ನಯವಾಗಿರುವುದರಿಂದ ದಾರಿಯಲ್ಲಿ ಬಿದ್ದ ಸಣ್ಣ ಕಪ್ಪು ಗೆರೆಯೂ ಎದ್ದು ಕಾಣುತ್ತದೆ. ರಾತ್ರಿ ರಸ್ತೆಯಲ್ಲಿ ಎದುರಿನ ಗಾಡಿಯ ದೀಪ ಬಂದಾಗಲೇ ನಡುವೆ ಮಂಜಿದೆ ಎಂದು ಗೊತ್ತಾಗುತ್ತದೆ ಅಲ್ವಾ, ಹಾಗೆ. ಒಂದು ವ್ಯತ್ಯಾಸ ಇದೆ. ಅನಿಲ ಎಲ್ಲ ಬಣ್ಣವನ್ನೂ ಮಬ್ಬು ಮಾಡುವುದಿಲ್ಲ. ತನಗೆ ಬೇಕಾದ ಬಣ್ಣವನ್ನು ಮಾತ್ರ ಆರಿಸಿ ತೆಗೆಯುತ್ತದೆ. ಯಾವ ಬಣ್ಣ ಕಾಣೆಯಾಗಿದೆ ಎನ್ನುವುದರಿಂದ ಅನಿಲದಲ್ಲಿ ಏನಿದೆ ಎಂದು ಗೊತ್ತಾಗುತ್ತದೆ.

ಒಂದು ಗೆರೆ ಇಂಥ ಗ್ಯಾಲಕ್ಸಿಯ ಅನಿಲದ್ದೇ ಎಂದು ಹೇಗೆ ಹೇಳುತ್ತಾರೆ?

ರೆಡ್‌ಶಿಫ್ಟ್ ನೋಡಿ. ವಿಶ್ವ ಹಿಗ್ಗುವುದರಿಂದ ದೂರದಿಂದ ಬಂದ ಬೆಳಕಿನ ತರಂಗದೂರವೂ ಹಿಗ್ಗುತ್ತದೆ. ಎಲ್ಲ ಗೆರೆಗಳೂ ಒಂದೇ ಪ್ರಮಾಣದಲ್ಲಿ ಕೆಂಪಿನ ಕಡೆ ಸರಿಯುತ್ತವೆ.

ಒಂದು ಲೆಕ್ಕ ಮಾಡೋಣ. ಕ್ವೇಸಾರಿನ ಪಕ್ಕದಲ್ಲಿ ಒಂದು ಗ್ಯಾಲಕ್ಸಿ ಕಾಣುತ್ತಿದೆ. ಅದರ ನಕ್ಷತ್ರ ಹುಟ್ಟುವ ಜಾಗಗಳಿಂದ ಬರುವ ಹೈಡ್ರೋಜನ್‌ನ ಕೆಂಪು ಗೆರೆ ಪ್ರಯೋಗಾಲಯದಲ್ಲಿ 656.3 ನ್ಯಾನೊಮೀಟರ್‌ನಲ್ಲಿದೆ. ಗ್ಯಾಲಕ್ಸಿಯಲ್ಲಿ 689.1ರಲ್ಲಿ ಸಿಕ್ಕಿತು ಎಂದುಕೊಳ್ಳಿ. ಅಂದರೆ ರೆಡ್‌ಶಿಫ್ಟ್ 0.05. ದೂರ ಸುಮಾರು 70 ಕೋಟಿ ಜ್ಯೋತಿರ್ವರ್ಷ. ಈಗ ಕ್ವೇಸಾರಿನ ರೋಹಿತಕ್ಕೆ ಬನ್ನಿ. ಹೈಡ್ರೋಜನ್‌ನ ಲೈಮನ್ ಆಲ್ಫಾ ಗೆರೆ ಮೂಲದಲ್ಲಿ 121.6 ನ್ಯಾನೊಮೀಟರ್. ಇದನ್ನು 1.05ರಿಂದ ಗುಣಿಸಿದರೆ ಸುಮಾರು 127.7. ಅಲ್ಲೇ ಒಂದು ಕಪ್ಪು ಗೆರೆ ಇದ್ದರೆ, ಆ ಗ್ಯಾಲಕ್ಸಿಯ ರೆಡ್‌ಶಿಫ್ಟಿನಲ್ಲೇ ಹೈಡ್ರೋಜನ್ ಇದೆ ಎಂದಾಯಿತು.

ಒಂದೇ ಗೆರೆಯನ್ನು ನೋಡಿ ತೀರ್ಮಾನಕ್ಕೆ ಬರುವುದಿಲ್ಲ. ಕೆಲವು ಪರಮಾಣುಗಳು ಯಾವಾಗಲೂ ಜೋಡಿ ಗೆರೆ ಕೊಡುತ್ತವೆ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಮೆಗ್ನೀಸಿಯಂನ ಜೋಡಿ 279.6 ಮತ್ತು 280.4 ನ್ಯಾನೊಮೀಟರ್‌ನಲ್ಲಿದೆ. ಐದು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ್ದು 103.2 ಮತ್ತು 103.8ರಲ್ಲಿ. ರೆಡ್‌ಶಿಫ್ಟ್ ಎಷ್ಟೇ ಇರಲಿ, ಜೋಡಿಯ ಎರಡು ಸಂಖ್ಯೆಗಳ ಅನುಪಾತ ಬದಲಾಗುವುದಿಲ್ಲ. ಜೋಡಿ ಸಿಕ್ಕರೆ ಅನುಮಾನ ಬಹುಪಾಲು ಹೋಗುತ್ತದೆ.

ಆದರೂ ಒಂದು ಎಚ್ಚರಿಕೆ ಬೇಕು. ಗೆರೆ ಸರಿದ ಪ್ರಮಾಣದಿಂದ ಲೆಕ್ಕ ಹಾಕಿದ ಅನಿಲದ ವೇಗ ಗ್ಯಾಲಕ್ಸಿಯ ವೇಗಕ್ಕೆ ಸೆಕೆಂಡಿಗೆ ಕೆಲವು ನೂರು ಕಿಲೋಮೀಟರ್ ಒಳಗೆ ಇದ್ದರೆ ಎರಡಕ್ಕೂ ಸಂಬಂಧ ಇದೆ ಎಂದು ಒಪ್ಪುತ್ತಾರೆ. ಆ ಗೆರೆ, ಫೋಟೊದಲ್ಲಿ ಕಾಣದಷ್ಟು ಮಂಕಾದ ಪಕ್ಕದ ಕುಬ್ಜ ಗ್ಯಾಲಕ್ಸಿಯದ್ದೂ ಇರಬಹುದು. ಹಾಗಾಗಿ ಒಳ್ಳೆಯ ಅಧ್ಯಯನಗಳು ಕ್ವೇಸಾರಿನ ಸುತ್ತ ಇರುವ ಎಲ್ಲ ಗ್ಯಾಲಕ್ಸಿಗಳ ರೆಡ್‌ಶಿಫ್ಟನ್ನೂ ಅಳೆಯುತ್ತವೆ. ಬೇಸರ ತರಿಸುವ ಕೆಲಸ, ಆದರೆ ಇದನ್ನು ಬಿಟ್ಟು ಮಾಡಿದ ಹೋಲಿಕೆಯನ್ನು ನಾನು ಅರ್ಧ ಮನಸ್ಸಿನಿಂದಲೇ ಓದುತ್ತೇನೆ.

ಹತ್ತಿರದ ಗ್ಯಾಲಕ್ಸಿಗಳಿಗೆ ಹಬಲ್ ಬೇಕೇ ಬೇಕು ಎನ್ನುತ್ತಾರೆ. ಹತ್ತಿರ ಇದ್ದರೆ ಸುಲಭ ಆಗಬೇಕಿತ್ತಲ್ಲ?

ಇದು ತುಂಬಾ ಜನರನ್ನು ಗೊಂದಲಕ್ಕೆ ಹಾಕುತ್ತದೆ. ಮುಖ್ಯವಾದ ಗೆರೆಗಳೆಲ್ಲ ನೇರಳಾತೀತದಲ್ಲಿವೆ. ಸುಮಾರು 300 ನ್ಯಾನೊಮೀಟರಿಗಿಂತ ಕಡಿಮೆ ಇರುವ ಬೆಳಕನ್ನು ನಮ್ಮ ವಾತಾವರಣ ನೆಲಕ್ಕೆ ಬಿಡುವುದಿಲ್ಲ. ಅನಿಲ ತುಂಬಾ ದೂರದಲ್ಲಿದ್ದರೆ ರೆಡ್‌ಶಿಫ್ಟ್ ಆ ಗೆರೆಗಳನ್ನು ಹಿಗ್ಗಿಸಿ ಕಣ್ಣಿಗೆ ಕಾಣುವ ಬೆಳಕಿನೊಳಗೆ ತಂದು ಹಾಕುತ್ತದೆ. ಆಗ ನೆಲದ ಟೆಲಿಸ್ಕೋಪೇ ಸಾಕು. ಹತ್ತಿರದ ಅನಿಲದ ಗೆರೆಗಳು ಹಿಗ್ಗಿರುವುದಿಲ್ಲ. ಅವು ನೇರಳಾತೀತದಲ್ಲೇ ಉಳಿಯುತ್ತವೆ.

ಇದರಿಂದ ವಿಚಿತ್ರ ಪರಿಸ್ಥಿತಿ ಉಂಟಾಯಿತು. ಸಾವಿರ ಕೋಟಿ ವರ್ಷ ಹಿಂದಿನ ಹೈಡ್ರೋಜನ್ ಬಗ್ಗೆ ಮೊದಲು ಗೊತ್ತಾಯಿತು. ನಮ್ಮ ನೆರೆಹೊರೆಯದ್ದು ಆಮೇಲೆ. 1990ರಲ್ಲಿ ಹಬಲ್ ಮೇಲೆ ಹೋದ ನಂತರವೇ ಬಾಗಿಲು ತೆರೆಯಿತು. 1991ರಲ್ಲಿ ಅದು 3ಸಿ 273ರ ದಿಕ್ಕಿನಲ್ಲಿ ಹತ್ತಿರದ ಲೈಮನ್ ಆಲ್ಫಾ ಗೆರೆಗಳನ್ನು ತೋರಿಸಿತು. ದೂರದ ವಿಶ್ವದ ಲೆಕ್ಕವನ್ನು ಹಿಡಿದು ಊಹಿಸಿದ್ದಕ್ಕಿಂತ ಜಾಸ್ತಿ ಗೆರೆಗಳು ಅಲ್ಲಿದ್ದವು. 2009ರ ಮೇ ತಿಂಗಳಲ್ಲಿ ಗಗನಯಾತ್ರಿಗಳು ಹಬಲ್‌ಗೆ ಕಾಸ್ಮಿಕ್ ಆರಿಜಿನ್ಸ್ ಸ್ಪೆಕ್ಟ್ರೋಗ್ರಾಫ್ ಎಂಬ ರೋಹಿತ ಅಳೆಯುವ ಉಪಕರಣ ಜೋಡಿಸಿದರು. ಮಂಕಾದ ಕ್ವೇಸಾರುಗಳೂ ಕೈಗೆ ಸಿಕ್ಕವು. ಈ ವಿಷಯದಲ್ಲಿ ಇವತ್ತು ನಮಗೆ ಗೊತ್ತಿರುವುದರ ದೊಡ್ಡ ಪಾಲು ಆ ಒಂದು ಉಪಕರಣದ ಕೊಡುಗೆ.

ಮೆಗ್ನೀಸಿಯಂ ಗೆರೆ ಸ್ವಲ್ಪ ಉಪಕಾರಿ. ರೆಡ್‌ಶಿಫ್ಟ್ 0.15 ದಾಟಿದರೆ ಅದು ಸುಮಾರು 320 ನ್ಯಾನೊಮೀಟರಿಗೆ ಬಂದು ನೆಲದಿಂದಲೇ ಕಾಣತೊಡಗುತ್ತದೆ.

ಈ ಯೋಚನೆ ಮೊದಲು ಯಾರಿಗೆ ಬಂತು?

1956ರಲ್ಲಿ ಖಗೋಳ ವಿಜ್ಞಾನಿ ಲೈಮನ್ ಸ್ಪಿಟ್ಜರ್ ಕ್ಷೀರಪಥದ ಸುತ್ತ ಬಿಸಿ ಅನಿಲದ ಹೊದಿಕೆ ಇರಬೇಕು ಎಂದು ವಾದಿಸಿದರು. ತಟ್ಟೆಯಿಂದ ಎಷ್ಟೋ ಮೇಲೆ ತೇಲುವ ಮೋಡಗಳು ಚದುರಿ ಹೋಗದಂತೆ ಹೊರಗಿನಿಂದ ಏನೋ ಒತ್ತುತ್ತಿರಬೇಕು ಎನ್ನುವುದು ಅವರ ತರ್ಕ. ಆಗ ಕ್ವೇಸಾರ್ ಎಂಬುದೇ ಗೊತ್ತಿರಲಿಲ್ಲ. 1969ರಲ್ಲಿ ಜಾನ್ ಬಾಕಾಲ್ ಜೊತೆ ಸೇರಿ, ಕ್ವೇಸಾರ್ ರೋಹಿತದ ಗೆರೆಗಳಿಗೆ ನಡುವಿನ ಗ್ಯಾಲಕ್ಸಿಗಳ ವಿಶಾಲ ಹೊದಿಕೆಗಳೇ ಕಾರಣ ಇರಬಹುದು ಎಂದರು. 1986ರಲ್ಲಿ ಜಾಕ್ಲೀನ್ ಬರ್ಜೆರಾನ್ ಮೆಗ್ನೀಸಿಯಂ ಗೆರೆಗೆ ಕಾರಣವಾದ ಗ್ಯಾಲಕ್ಸಿಯನ್ನೇ ಗುರುತಿಸಿ ತೋರಿಸಿದರು.

ಒಂದು ಗ್ಯಾಲಕ್ಸಿಗೆ ಒಂದೇ ಕ್ವೇಸಾರ್ ಸಿಕ್ಕರೆ, ಅಷ್ಟರಿಂದ ಇಡೀ ಅನಿಲದ ಚಿತ್ರ ಬರೆಯುವುದು ಹೇಗೆ?

ಒಂದರಿಂದ ಆಗುವುದಿಲ್ಲ. ಈ ಕ್ಷೇತ್ರದ ನಿಜವಾದ ಮಿತಿ ಇದೇ. ಹೆಚ್ಚಿನ ಗ್ಯಾಲಕ್ಸಿಗಳ ಹಿಂದೆ ಸಾಕಷ್ಟು ಪ್ರಕಾಶ ಇರುವ ಕ್ವೇಸಾರ್ ಒಂದು ಸಿಕ್ಕರೇ ಅದೃಷ್ಟ. ಲಕ್ಷಾಂತರ ಜ್ಯೋತಿರ್ವರ್ಷದ ಹರವಿನಲ್ಲಿ ನಮಗೆ ಸಿಗುವುದು ಒಂದೇ ಒಂದು ಎಳೆಯ ಸುದ್ದಿ.

ಅದಕ್ಕೆ ಮಾಡುವ ಉಪಾಯ ಹೀಗಿದೆ. ಒಂದೇ ಥರದ ಹಲವು ಗ್ಯಾಲಕ್ಸಿಗಳನ್ನು ಆರಿಸುತ್ತಾರೆ. ಒಂದರಲ್ಲಿ ಕ್ವೇಸಾರ್ ಎಳೆ ನಡುವಿನಿಂದ 50 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ ಹಾದುಹೋಗುತ್ತದೆ, ಇನ್ನೊಂದರಲ್ಲಿ 2 ಲಕ್ಷ, ಮತ್ತೊಂದರಲ್ಲಿ 4 ಲಕ್ಷ. ಎಲ್ಲವನ್ನೂ ಒಟ್ಟಿಗೆ ಇಟ್ಟು, ದೂರ ಹೋದ ಹಾಗೆ ಅನಿಲ ಹೇಗೆ ಕಡಿಮೆಯಾಗುತ್ತದೆ ಎಂದು ನೋಡುತ್ತಾರೆ. ಕಾಸ್-ಹೇಲೋಸ್ ಎಂಬ ಹಬಲ್ ಯೋಜನೆ 44 ಗ್ಯಾಲಕ್ಸಿಗಳನ್ನು ಹೀಗೆ ನೋಡಿತು. ಸಿಕ್ಕಿದ್ದು ಸರಾಸರಿ ಗ್ಯಾಲಕ್ಸಿಯ ಚಿತ್ರ. ಆ ಸರಾಸರಿಯ ಹಾಗೇ ಇರುವ ಗ್ಯಾಲಕ್ಸಿ ಎಲ್ಲೂ ಇಲ್ಲದೆ ಇರಬಹುದು. ಸುದ್ದಿಯಲ್ಲಿ ಅನಿಲದ ಹೊದಿಕೆಯ ಬಣ್ಣಬಣ್ಣದ ಚಿತ್ರ ಬಂದಾಗ ಇದನ್ನು ನೆನಪಿಡಿ. ಅದು ಕಲಾವಿದರ ಕಲ್ಪನೆ, ಇಲ್ಲವೇ ಕಂಪ್ಯೂಟರ್ ಸಿಮ್ಯುಲೇಶನ್.

ನಮ್ಮ ನೆರೆಯ ಆಂಡ್ರೊಮಿಡಾ ಗ್ಯಾಲಕ್ಸಿ ಮಾತ್ರ ಬೇರೆ. ಕೇವಲ 25 ಲಕ್ಷ ಜ್ಯೋತಿರ್ವರ್ಷ ದೂರ ಇರುವುದರಿಂದ ಅದರ ಹೊರ ಅನಿಲ ಆಕಾಶದಲ್ಲಿ ತುಂಬಾ ದೊಡ್ಡ ಜಾಗ ಹಿಡಿದಿದೆ. ಕಣ್ಣಿಗೆ ಕಾಣುವಂತಿದ್ದರೆ ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳ ಸಾಲಿಗಿಂತ ಸುಮಾರು 3 ಪಟ್ಟು ಅಗಲ ಇರುತ್ತಿತ್ತು. ಅಷ್ಟು ಜಾಗದ ಹಿಂದೆ ಬೇಕಾದಷ್ಟು ಕ್ವೇಸಾರುಗಳಿವೆ. ಅಮಿಗಾ ಎಂಬ ಯೋಜನೆಯಲ್ಲಿ ನಿಕೊಲಾಸ್ ಲೆನರ್ ಮತ್ತು ಸಂಗಡಿಗರು 43 ಕ್ವೇಸಾರುಗಳನ್ನು ಬಳಸಿದರು. 2020ರಲ್ಲಿ ಫಲಿತಾಂಶ ಬಂತು. ಅನಿಲ ಸುಮಾರು 13 ಲಕ್ಷ ಜ್ಯೋತಿರ್ವರ್ಷದವರೆಗೆ, ಕೆಲವು ದಿಕ್ಕಿನಲ್ಲಿ 20 ಲಕ್ಷದವರೆಗೆ ಹರಡಿದೆ. ಸುಮಾರು 5 ಲಕ್ಷ ಜ್ಯೋತಿರ್ವರ್ಷದೊಳಗಿನ ಭಾಗ ಗೋಜಲಾಗಿದೆ, ಚಟುವಟಿಕೆ ಜಾಸ್ತಿ. ಅದರಾಚೆ ನಯವಾಗಿ, ಬಿಸಿಯಾಗಿದೆ. ನನಗೆ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟ ಕೆಲಸ ಇದು. ಒಂದೇ ಗ್ಯಾಲಕ್ಸಿ, ಹತ್ತಾರು ಎಳೆ, ಸರಾಸರಿಯ ಹಂಗಿಲ್ಲ.

ಗೆರೆ ಎಷ್ಟು ಕಪ್ಪಾಗಿದೆಯೋ ಅಷ್ಟು ಅನಿಲ ಅಂತಲೇ?

ಸಣ್ಣ ಗೆರೆಗಳಿಗೆ ಹೌದು. ದೊಡ್ಡವಕ್ಕೆ ಅಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಅಳೆಯುವುದು ದಾರಿಯುದ್ದಕ್ಕೂ ಒಂದು ಚದರ ಸೆಂಟಿಮೀಟರ್ ಅಗಲದಲ್ಲಿ ಒಟ್ಟು ಎಷ್ಟು ಪರಮಾಣುಗಳಿವೆ ಎಂದು. ಅನಿಲ ಕಡಿಮೆ ಇದ್ದಾಗ, ಅದು ಎರಡು ಪಟ್ಟಾದರೆ ಗೆರೆಯೂ ಎರಡು ಪಟ್ಟಾಗುತ್ತದೆ. ಒಂದು ಹಂತದಲ್ಲಿ ಗೆರೆಯ ನಡುವಿನ ಬೆಳಕೆಲ್ಲ ಮುಗಿದುಹೋಗುತ್ತದೆ. ಆಮೇಲೆ ಇನ್ನೂ ಅನಿಲ ಸೇರಿಸಿದರೂ ಹೀರಲು ಬೆಳಕೇ ಇಲ್ಲ. ಲೈಮನ್ ಆಲ್ಫಾದಲ್ಲಿ, 1ರ ಮುಂದೆ 15 ಸೊನ್ನೆಯಷ್ಟು ಪರಮಾಣು ಇದ್ದರೂ 18 ಸೊನ್ನೆಯಷ್ಟು ಇದ್ದರೂ ಗೆರೆಯ ಅಗಲದಲ್ಲಿ ಅಷ್ಟೇನೂ ವ್ಯತ್ಯಾಸ ಆಗುವುದಿಲ್ಲ. ಸಾವಿರ ಪಟ್ಟು ಬೇರೆ ಬೇರೆ ಪ್ರಮಾಣ, ಬಹುತೇಕ ಒಂದೇ ಥರದ ಗೆರೆ! ಇನ್ನೂ ಜಾಸ್ತಿ, 20 ಸೊನ್ನೆ ದಾಟಿದ ಮೇಲೆ ಗೆರೆಯ ಎರಡೂ ಬದಿಗೆ ರೆಕ್ಕೆಯಂತೆ ಮಬ್ಬು ಹರಡುತ್ತದೆ. ಆಗ ಮತ್ತೆ ಅಳತೆ ಸುಲಭ. ನಡುವಿನ ಪ್ರಮಾಣಗಳಿಗೆ ಹೈಡ್ರೋಜನ್‌ನ ಇತರ ದುರ್ಬಲ ಗೆರೆಗಳನ್ನು ಹುಡುಕಬೇಕು.

ಎರಡನೇ ತೊಡಕು ಇನ್ನೂ ದೊಡ್ಡದು. ಲೈಮನ್ ಆಲ್ಫಾ ಗೆರೆ ಕೊಡುವುದು ಎಲೆಕ್ಟ್ರಾನ್ ಉಳಿಸಿಕೊಂಡ ಹೈಡ್ರೋಜನ್ ಮಾತ್ರ. ಹೊರ ಅನಿಲದ ಬಹುಪಾಲು ಹೈಡ್ರೋಜನ್ ತನ್ನ ಒಂದೇ ಎಲೆಕ್ಟ್ರಾನನ್ನು ಕಳೆದುಕೊಂಡಿದೆ. ಅದು ಗೆರೆಯನ್ನೇ ಕೊಡುವುದಿಲ್ಲ. ಅನೇಕ ಕಡೆ ನಮಗೆ ಕಾಣುವುದು ಸಾವಿರದಲ್ಲಿ ಒಂದು ಪಾಲು, ಅಥವಾ ಅದಕ್ಕಿಂತ ಕಡಿಮೆ. ಉಳಿದದ್ದನ್ನು ಲೆಕ್ಕದಿಂದ ತುಂಬಬೇಕು. ಆ ಲೆಕ್ಕಕ್ಕೆ ಅಲ್ಲಿ ಎಷ್ಟು ನೇರಳಾತೀತ ಬೆಳಕು ಬೀಳುತ್ತಿದೆ ಎಂಬ ಊಹೆ ಬೇಕು. ಹಾಗಾಗಿ ‘ಹೊರ ಅನಿಲದ ತೂಕ ಇಷ್ಟು ಸೂರ್ಯರಷ್ಟು’ ಎಂಬ ಸಂಖ್ಯೆ ಕಂಡರೆ, ಅದರ ಹಿಂದಿನ ಊಹೆ ಯಾವುದು ಎಂದು ಮೊದಲು ನೋಡಬೇಕು.

ಅನಿಲ ಒಳಗೆ ಬೀಳುತ್ತಿದೆಯೋ, ಹೊರಗೆ ಹೋಗುತ್ತಿದೆಯೋ?

ಕ್ವೇಸಾರ್ ಗೆರೆ ಒಂದರಿಂದಲೇ ಇದನ್ನು ಹೇಳಲಾಗದು. ಗೆರೆ ಕೊಡುವುದು ನಮ್ಮ ಕಡೆಗೆ ಅಥವಾ ನಮ್ಮಿಂದ ದೂರಕ್ಕೆ ಇರುವ ವೇಗ. ನಮ್ಮ ಕಡೆ ಬರುತ್ತಿರುವ ಮೋಡ ಗ್ಯಾಲಕ್ಸಿಯ ಆಚೆ ಬದಿಯಲ್ಲಿದ್ದರೆ ಅದು ಒಳಗೆ ಬೀಳುತ್ತಿದೆ. ಈಚೆ ಬದಿಯಲ್ಲಿದ್ದರೆ ಹೊರಗೆ ಹೋಗುತ್ತಿದೆ. ಯಾವ ಬದಿ ಎಂದು ಗೆರೆ ಹೇಳುವುದಿಲ್ಲ.

ಸುಳಿವುಗಳು ಇವೆ. ಗ್ಯಾಲಕ್ಸಿಯ ತಟ್ಟೆಗೆ ಲಂಬವಾದ ದಿಕ್ಕಿನಲ್ಲಿ ಮೆಗ್ನೀಸಿಯಂ ಗೆರೆಗಳು ಜಾಸ್ತಿ ಸಿಗುತ್ತವೆ. ಸೂಪರ್‌ನೋವಾಗಳು ಉಗುಳಿದ ಅನಿಲ ಸುಲಭದ ದಾರಿ ಹಿಡಿದು ಹೊರಬರುತ್ತಿದೆ ಎನ್ನಲು ಇದು ಆಧಾರ. ತಟ್ಟೆಯ ಸಮತಲದಲ್ಲಿ ಸಿಗುವ ಅನಿಲ ಅನೇಕ ಸಲ ತಟ್ಟೆ ತಿರುಗುವ ದಿಕ್ಕಿಗೇ ತಿರುಗುತ್ತಿರುತ್ತದೆ. ಅದು ನಿಧಾನವಾಗಿ ಸೇರಿಕೊಳ್ಳುತ್ತಿರುವ ಅನಿಲ ಇರಬಹುದು. ಇನ್ನೊಂದು ದಾರಿ ಗ್ಯಾಲಕ್ಸಿಯ ಸ್ವಂತ ಬೆಳಕನ್ನೇ ಬಳಸುವುದು. ಆಗ ಗೆರೆ ಕೊಟ್ಟ ಅನಿಲ ಗ್ಯಾಲಕ್ಸಿಗೂ ನಮಗೂ ನಡುವೆ ಇದೆ ಎಂಬುದು ಖಚಿತ. ನಮ್ಮ ಕಡೆ ಬರುತ್ತಿದ್ದರೆ ಹೊರಗೆ ಹೋಗುತ್ತಿದೆ ಎಂದೇ ಅರ್ಥ.

ಇಷ್ಟೆಲ್ಲ ಮಾಡಿ ತಿಳಿದದ್ದು ಏನು?

ಕ್ಷೀರಪಥ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅನಿಲವನ್ನು ನಕ್ಷತ್ರವಾಗಿ ಮಾರ್ಪಡಿಸುತ್ತದೆ. ತಟ್ಟೆಯಲ್ಲಿರುವ ಅನಿಲ ಈ ಲೆಕ್ಕದಲ್ಲಿ ಕೆಲವು ನೂರು ಕೋಟಿ ವರ್ಷದಲ್ಲಿ ಮುಗಿಯಬೇಕು. ಆದರೆ ಸಾವಿರ ಕೋಟಿ ವರ್ಷದಿಂದ ನಕ್ಷತ್ರ ಹುಟ್ಟುತ್ತಲೇ ಇವೆ. ಹೊರಗಿನಿಂದ ಪೂರೈಕೆ ಬೇಕೇ ಬೇಕು. ಆ ದಾಸ್ತಾನು ಎಲ್ಲಿದೆ ಎಂದು ಈಗ ಗೊತ್ತಾಗಿದೆ.

ಇನ್ನೊಂದು ಹಳೆಯ ಒಗಟು ಆಮ್ಲಜನಕ, ಇಂಗಾಲ, ಕಬ್ಬಿಣದಂಥ ಭಾರದ ಧಾತುಗಳದ್ದು. ಅವುಗಳನ್ನು ತಯಾರಿಸುವುದು ನಕ್ಷತ್ರಗಳು. ಆದರೆ ನಕ್ಷತ್ರಗಳು ಇದುವರೆಗೆ ತಯಾರಿಸಿರಬೇಕಾದ ಪ್ರಮಾಣದಲ್ಲಿ ಅಂದಾಜು ಕಾಲು ಭಾಗ ಮಾತ್ರ ಗ್ಯಾಲಕ್ಸಿಯೊಳಗೆ ಉಳಿದಿದೆ. ಕಾಸ್-ಹೇಲೋಸ್ ತಂಡ 2011ರಲ್ಲಿ ತೋರಿಸಿದ್ದು ಏನೆಂದರೆ, ನಕ್ಷತ್ರ ಹುಟ್ಟಿಸುತ್ತಿರುವ ಗ್ಯಾಲಕ್ಸಿಗಳ ಹೊರ ಅನಿಲದಲ್ಲಿ ಕಡಿಮೆ ಅಂದರೂ 1 ಕೋಟಿ ಸೂರ್ಯರ ತೂಕದಷ್ಟು ಆಮ್ಲಜನಕ ಇದೆ. ಒಳಗೆ ತಯಾರಾದದ್ದು ಇಷ್ಟು ದೂರ ಹೊರಗೆ ಬಂದಿದೆ! ಅದರ ವೇಗ ನೋಡಿದರೆ ಹೆಚ್ಚಿನದ್ದು ಗ್ಯಾಲಕ್ಸಿಯ ಸೆಳೆತ ಮೀರಿ ಹೋಗುವಷ್ಟಿಲ್ಲ. ಮುಂದೆ ಮತ್ತೆ ಒಳಗೆ ಬಿದ್ದು ಹೊಸ ನಕ್ಷತ್ರಗಳಲ್ಲಿ ಸೇರಬಹುದು.

ನಕ್ಷತ್ರ ಹುಟ್ಟುವುದು ನಿಂತುಹೋದ ಗ್ಯಾಲಕ್ಸಿಗಳಲ್ಲಿ ಈ ಆಮ್ಲಜನಕದ ಗೆರೆ ಅಪರೂಪ. ಹಾಗಾದರೆ ಅಲ್ಲಿ ಅನಿಲ ಖಾಲಿಯಾಗಿದೆ ಎನ್ನಬೇಕಿತ್ತು ಅಲ್ವಾ? ಇಲ್ಲ. ಅವುಗಳ ಸುತ್ತ ತಂಪು ಹೈಡ್ರೋಜನ್ ಧಾರಾಳವಾಗಿ ಸಿಕ್ಕಿತು. ಅನಿಲ ಪಕ್ಕದಲ್ಲೇ ಇದ್ದೂ ಗ್ಯಾಲಕ್ಸಿ ಯಾಕೆ ಸುಮ್ಮನಾಗಿದೆ? ಇದಕ್ಕೆ ಇನ್ನೂ ಎಲ್ಲರೂ ಒಪ್ಪುವ ಉತ್ತರ ಇಲ್ಲ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಮುಖ್ಯ ಪ್ರಶ್ನೆ ಇದು.

‘ತಂಪು’ ಅನಿಲ ಅಂದರೆ ಎಷ್ಟು ತಂಪು?

ಸುಮಾರು 10 ಸಾವಿರ ಡಿಗ್ರಿ. ಹೊರ ಅನಿಲದ ಮಟ್ಟಿಗೆ ಅದೇ ತಂಪು! ಐದು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ, ಡಿಕ್ಕಿಗಳಿಂದ ಹಾಗಾಗಿದ್ದರೆ, ಸುಮಾರು 3 ಲಕ್ಷ ಡಿಗ್ರಿಯನ್ನು ಸೂಚಿಸುತ್ತದೆ. 10 ಲಕ್ಷ ಡಿಗ್ರಿ ದಾಟಿದ ಅನಿಲದ ಗೆರೆಗಳು ಎಕ್ಸ್-ರೇಯಲ್ಲಿವೆ. ಅದಕ್ಕೆ ಚಂದ್ರಾ, ಎಕ್ಸ್‌ಎಂಎಂ-ನ್ಯೂಟನ್‌ನಂಥ ಬೇರೆ ಟೆಲಿಸ್ಕೋಪುಗಳು ಬೇಕು. ಒಂದೇ ದಾರಿಯಲ್ಲಿ ಇವೆಲ್ಲ ಒಟ್ಟೊಟ್ಟಿಗೆ ಸಿಗುತ್ತವೆ.

ನಮ್ಮ ಕ್ಷೀರಪಥದ ಹೊರ ಅನಿಲವೂ ಹೀಗೇ ಕಾಣುತ್ತದೆಯೇ?

ಕಾಣುತ್ತದೆ. ನಾವು ಒಳಗೇ ಇರುವುದರಿಂದ ಯಾವ ಕ್ವೇಸಾರ್ ನೋಡಿದರೂ ಆ ಬೆಳಕು ನಮ್ಮ ಹೊರ ಅನಿಲವನ್ನು ದಾಟಿಯೇ ಬರಬೇಕು. ಅದರ ಗೆರೆಗಳು ರೆಡ್‌ಶಿಫ್ಟ್ ಹೆಚ್ಚುಕಡಿಮೆ ಸೊನ್ನೆ ಇರುವ ಜಾಗದಲ್ಲಿ ಬೀಳುತ್ತವೆ. ಬೇರೆ ಗ್ಯಾಲಕ್ಸಿ ನೋಡುವವರಿಗೆ ಇದು ಅಡ್ಡಿ. ಆಂಡ್ರೊಮಿಡಾದ ಕೆಲಸದಲ್ಲಿ ನಮ್ಮದನ್ನೂ ಅದರದ್ದನ್ನೂ ಬೇರ್ಪಡಿಸುವುದೇ ಒಂದು ದೊಡ್ಡ ಕೆಲಸವಾಗಿತ್ತು.

ನಮ್ಮ ಜೊತೆಗಿರುವ ಮೆಜೆಲಾನಿಕ್ ಮೋಡ ಎಂಬ ಪುಟ್ಟ ಗ್ಯಾಲಕ್ಸಿಗಳಿಗೂ ಸ್ವಂತ ಬಿಸಿ ಅನಿಲದ ಹೊದಿಕೆ ಇದೆ ಎಂದು 2022ರಲ್ಲಿ 28 ಕ್ವೇಸಾರುಗಳ ಸಹಾಯದಿಂದ ತೋರಿಸಲಾಯಿತು.

ಕ್ವೇಸಾರ್ ಬಿಟ್ಟು ಬೇರೆ ಬೆಳಕು ಇಲ್ಲವೇ?

ಇದೆ. ಗುರುತ್ವದಿಂದ ಬಾಗಿ ಉದ್ದ ಕಮಾನಾಗಿ ಕಾಣುವ ದೂರದ ಗ್ಯಾಲಕ್ಸಿಯ ಬೆಳಕು ಒಂದೇ ಹೊದಿಕೆಯ ಹಲವು ಜಾಗಗಳನ್ನು ಒಟ್ಟಿಗೆ ತೋರಿಸುತ್ತದೆ. 2018ರಲ್ಲಿ ಈ ಪ್ರಯೋಗ ಯಶಸ್ವಿಯಾಯಿತು. ಕೆಲವೇ ಮಿಲಿಸೆಕೆಂಡು ಮಿನುಗುವ ರೇಡಿಯೋ ಸ್ಫೋಟಗಳು ಮತ್ತೊಂದು ದಾರಿ. ಅವುಗಳ ಉದ್ದ ತರಂಗಗಳು ಗಿಡ್ಡ ತರಂಗಗಳಿಗಿಂತ ಎಷ್ಟು ತಡವಾಗಿ ಬರುತ್ತವೆ ಎಂದು ಅಳೆದರೆ ದಾರಿಯಲ್ಲಿನ ಬಿಡಿ ಎಲೆಕ್ಟ್ರಾನುಗಳ ಲೆಕ್ಕ ನೇರವಾಗಿ ಸಿಗುತ್ತದೆ. ಗೆರೆಯೇ ಕೊಡದ ಹೈಡ್ರೋಜನ್‌ನ ಸಮಸ್ಯೆ ಮೇಲೆ ಹೇಳಿದೆನಲ್ಲ, ಅದಕ್ಕೆ ಇದು ತಕ್ಕ ಔಷಧಿ. ಹಾಗಾಗಿ ಮುಂದಿನ ವರ್ಷಗಳಲ್ಲಿ ನನ್ನ ನಿರೀಕ್ಷೆ ಇದರ ಮೇಲೇ ಜಾಸ್ತಿ.

ನಾನೇ ನೋಡಬಹುದೇ?

ಕ್ವೇಸಾರನ್ನು ಖಂಡಿತ ನೋಡಬಹುದು. 3ಸಿ 273 ಕನ್ಯಾ ರಾಶಿಯಲ್ಲಿದೆ. ಕಾಂತಿಮಾನ ಸುಮಾರು 12.9. ಕತ್ತಲೆ ಆಕಾಶದಲ್ಲಿ 8 ಇಂಚಿನ ಟೆಲಿಸ್ಕೋಪಿಗೆ ನಕ್ಷತ್ರದಂಥ ಚುಕ್ಕಿಯಾಗಿ ಸಿಗುತ್ತದೆ. ಒಳ್ಳೆಯ ನಕ್ಷೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಪಕ್ಕದ ನಕ್ಷತ್ರವನ್ನೇ ನೋಡಿ ಬಂದುಬಿಡುತ್ತೀರಿ.

ಹೊರ ಅನಿಲದ ಗೆರೆ ನೋಡಲು ಟೆಲಿಸ್ಕೋಪ್ ಬೇಡ, ಕಂಪ್ಯೂಟರ್ ಸಾಕು. ಹಬಲ್‌ನ ರೋಹಿತಗಳು ಮಾಸ್ಟ್ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೇಯಲ್ಲಿ ಗ್ಯಾಲಕ್ಸಿಗಳ ರೆಡ್‌ಶಿಫ್ಟ್ ಜೊತೆಗೆ 7 ಲಕ್ಷಕ್ಕೂ ಹೆಚ್ಚು ಕ್ವೇಸಾರುಗಳ ಪಟ್ಟಿಯೂ ಇದೆ. ಒಂದು ಕ್ವೇಸಾರ್ ಆರಿಸಿ. ಅದರ ಪಕ್ಕದ ಗ್ಯಾಲಕ್ಸಿಯ ರೆಡ್‌ಶಿಫ್ಟ್ ನೋಡಿ. ಅದಕ್ಕೆ 1 ಕೂಡಿಸಿ 121.6ರಿಂದ ಗುಣಿಸಿ. ರೋಹಿತದಲ್ಲಿ ಆ ಜಾಗಕ್ಕೆ ಹೋಗಿ. ಗೆರೆ ಇದ್ದರೆ, ಅದೇ ರೆಡ್‌ಶಿಫ್ಟಿನಲ್ಲಿ ಆಮ್ಲಜನಕದ ಜೋಡಿಯೂ ಇದೆಯೇ ಎಂದು ಹುಡುಕಿ. ಗೆರೆ ಇಲ್ಲದಿದ್ದರೂ ಬರೆದಿಟ್ಟುಕೊಳ್ಳಿ. ಎಷ್ಟು ದೂರದಲ್ಲಿ ಅನಿಲ ಸಿಗಲಿಲ್ಲ ಎನ್ನುವುದೂ ಈ ಲೆಕ್ಕದಲ್ಲಿ ಅಷ್ಟೇ ಬೆಲೆಯ ಮಾಹಿತಿ.